ಸೇತುವೆ ಇಲ್ಲದ ಕಾಲದ ಕರಾವಳಿ: ಮಂಗಳೂರಿನಿಂದ ಕಾರವಾರಕ್ಕೆ ಒಂದು ದಾರಿಯ ಕಥೆ

(ಧ್ವನಿ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಈ ಸಲ ನಿಮ್ಮನ್ನು ಒಂದು ಕಾರಿನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗ್ತೀನಿ. ಮಂಗಳೂರಿನಿಂದ ಕಾರವಾರಕ್ಕೆ. ಸುಮಾರು 270 ಕಿಲೋಮೀಟರ್, ಎನ್‌ಎಚ್ 66. ನಮ್ಮ ಅಪ್ಪ ಅಮ್ಮನ ತಲೆಮಾರಿನವರ ಬಾಯಲ್ಲಿ ಇದು ಇನ್ನೂ ಎನ್‌ಎಚ್ 17. ನಂಬರ್ ಬದಲಾಗಿದ್ದು 2010ರಲ್ಲಿ.

ಕಾರಲ್ಲಿ ನಾವು ಐದು ಜನ. ಸ್ಟಿಯರಿಂಗ್ ಹಿಡಿದಿದ್ದು ಉಡುಪಿಯ ಗೆಳತಿ. ಪಕ್ಕದಲ್ಲಿ ಅಂಕೋಲೆಯ ಗೆಳೆಯ. ಹಿಂದೆ ನಾನು, ದಾವಣಗೆರೆಯವನೊಬ್ಬ, ಮತ್ತೆ ಸಮುದ್ರವನ್ನ ಆ ಹಿಂದೆ ಎರಡೇ ಸಲ ನೋಡಿದ್ದ ನನ್ನ ತಂಗಿ. ಡಿಸೆಂಬರ್ ತಿಂಗಳು, ಬೆಳಗ್ಗೆ ಬನ್ಸು ತಿಂದು ಹೊರಟ್ವಿ. ಮ್ಯಾಪ್ ಐದೂವರೆ ಗಂಟೆ ಅಂತ ತೋರಿಸ್ತಿತ್ತು.

ಕೂಳೂರಿನ ಸೇತುವೆ ದಾಟುವಾಗ ದಾವಣಗೆರೆಯವನು ಒಂದು ಬೆಟ್ಟು ಕಟ್ಟಿದ. ಕಾರವಾರದವರೆಗೆ ಎಷ್ಟು ಹೊಳೆ ದಾಟ್ತೀವಿ ಅಂತ ಎಲ್ಲರೂ ಒಂದೊಂದು ಸಂಖ್ಯೆ ಹೇಳಬೇಕು. ತೀರಾ ತಪ್ಪು ಹೇಳಿದವರು ಕಾರವಾರದಲ್ಲಿ ಎಲ್ಲರಿಗೂ ಮೀನೂಟ ಕೊಡಿಸಬೇಕು. ನಾನು ಎಂಟು ಅಂದೆ. ಅಂಕೋಲೆಯವನು ನಕ್ಕ. ಉಡುಪಿ ದಾಟೋ ಹೊತ್ತಿಗೇ ನನಗೆ ಗೊತ್ತಾಗಿಹೋಯ್ತು, ಊಟ ನನ್ನ ತಲೆ ಮೇಲೆ ಬರುತ್ತೆ ಅಂತ. ಫಲ್ಗುಣಿ, ಪಾವಂಜೆಯ ನಂದಿನಿ, ಮೂಲ್ಕಿಯ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದ ಸ್ವರ್ಣಾ. ಎರಡು ತಾಸು ಕೂಡ ಆಗಿರಲಿಲ್ಲ, ಆಗಲೇ ಐದು.

ಇವತ್ತಿನ ಸಂಚಿಕೆ ಹುಟ್ಟಿದ್ದು ಈ ಬೆಟ್ಟಿನಿಂದಲೇ. ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಓಡುವ ಇಷ್ಟೊಂದು ಹೊಳೆಗಳು ಅಡ್ಡ ಇರುವ ಊರಲ್ಲಿ, ಸೇತುವೆಗಳೇ ಇಲ್ಲದ ಕಾಲದಲ್ಲಿ, ಜನ ಮಂಗಳೂರಿನಿಂದ ಕಾರವಾರಕ್ಕೆ ಹೇಗೆ ಹೋಗ್ತಿದ್ರು?

ನೆರಳಿನ ದಾರಿ, ಅರ್ಧ ಮೈಲಿಗೊಂದು ಬಾವಿ

ಉತ್ತರ ಹೇಳೋಕೆ ಒಬ್ಬ ಪ್ರವಾಸಿಯನ್ನ ಕರೀತೀನಿ. ಇಬ್ನ್ ಬತೂತಾ. ಮೊರಾಕ್ಕೋದ ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದವನು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಇವನನ್ನ ಚೀನಾಕ್ಕೆ ರಾಯಭಾರಿಯಾಗಿ ಕಳಿಸ್ತಾನೆ. ಹಾಗೆ ಹೊರಟವನು 1340ರ ದಶಕದ ಆರಂಭದಲ್ಲಿ ನಮ್ಮ ಕರಾವಳಿ ಹಿಡಿದು ಇಳೀತಾನೆ.

ಅವನ ಬರಹದಲ್ಲಿ ನಮ್ಮ ಊರುಗಳ ಹೆಸರು ಓದೋದೇ ಒಂದು ಮಜಾ. ಹೊನ್ನಾವರ ಅಲ್ಲಿ ಹಿನೌರ್. ಬಸರೂರು ಅಬು ಸರೂರ್. ಬಾರಕೂರು ಫಾಕನೂರ್. ಮಂಗಳೂರು ಮಂಜರೂರ್. ಬಾರಕೂರಿನಲ್ಲಿ ಕಬ್ಬು ಹೇರಳವಾಗಿ ಬೆಳೆಯುತ್ತೆ, ಅಂಥದ್ದು ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲ ಅಂತಾನೆ. ಮಂಗಳೂರಿಗೆ ಪರ್ಷಿಯಾ, ಯೆಮನ್ ಕಡೆಯ ವರ್ತಕರು ಬಂದಿಳೀತಾರೆ, ಮೆಣಸು ಮತ್ತು ಶುಂಠಿ ಧಾರಾಳ ಅಂತಾನೆ.

ಆದರೆ ನನಗೆ ಬೇಕಾಗಿದ್ದು ದಾರಿಯ ಬಗ್ಗೆ ಅವನು ಬರೆದ ಭಾಗ. ಗೋವೆಯಿಂದ ಕೇರಳದ ಕೊಲ್ಲಂವರೆಗೆ ಕರಾವಳಿಯಗುಂಟ ಕಾಲುದಾರಿಯಲ್ಲಿ ಎರಡು ತಿಂಗಳ ಪ್ರಯಾಣ. ದಾರಿಯುದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ಚಪ್ಪರ, ಅದರೊಳಗೆ ಕೂರೋಕೆ ಜಗಲಿ. ಪ್ರತಿ ಚಪ್ಪರದ ಬಳಿ ಒಂದು ಬಾವಿ, ಆ ಬಾವಿಗೆ ಒಬ್ಬ ಆಳು. ಬಂದವರಿಗೆಲ್ಲ ನೀರು ಕೊಡೋದು ಅವನ ಕೆಲಸ. ಹಿಂದೂಗಳಿಗೆ ಪಾತ್ರೆಯಲ್ಲಿ ಕೊಡ್ತಾನೆ, ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುತ್ತಾನೆ. ಭೇದ ಇತ್ತು, ನೀರೂ ಇತ್ತು. ಎರಡನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ.

ಗಾಡಿ ಇಲ್ಲ. ಕುದುರೆ ಇದ್ದಿದ್ದು ಅರಸರಿಗೆ ಮಾತ್ರ. ದುಡ್ಡಿದ್ದವರು ಪಲ್ಲಕ್ಕಿ, ಉಳಿದವರು ನಡಿಗೆ. ಸಾಮಾನು ಹೊರೋಕೆ ಕೂಲಿಯಾಳುಗಳು. ಇದಕ್ಕಿಂತ ಸುರಕ್ಷಿತ ದಾರಿಯನ್ನ ತಾನು ಎಲ್ಲೂ ಕಂಡಿಲ್ಲ ಅಂತ ಅವನು ಹೇಳ್ತಾನೆ. ಯಾಕಂದ್ರೆ ಇಲ್ಲಿ ಒಂದು ಕಾಯಿ ಕದ್ದರೂ ಮರಣದಂಡನೆ. ಅರ್ಧ ಜಗತ್ತು ಸುತ್ತಿದವನ ಮಾತಿದು.

ನಾನು ಇದನ್ನ ಕಾರಲ್ಲಿ ಓದಿ ಹೇಳಿದಾಗ ನನ್ನ ತಂಗಿ ಕೇಳಿದ್ಲು: "ಅರ್ಧ ಮೈಲಿಗೊಂದು ನೀರು. ಈಗ ಈ ಹೈವೇಲಿ ಹೆಣ್ಣುಮಕ್ಕಳು ಹೋಗಬಹುದಾದ ಒಂದು ಕ್ಲೀನ್ ಟಾಯ್ಲೆಟ್ ಎಷ್ಟು ಮೈಲಿಗಿದೆ?" ಉಡುಪಿಯ ಗೆಳತಿ ತಿರುಗಿ ನೋಡದೆ ಹೇಳಿದ್ಲು, "ಮಾರಾಯ್ತಿ, ಆ ಲೆಕ್ಕಕ್ಕೆ ಬೆಟ್ಟು ಕಟ್ಟಬೇಡ."

ಸಮುದ್ರವೇ ಹೈವೇ

ಒಂದು ವಿಷಯ ಗಮನಿಸಿ. ದಾರಿಯನ್ನ ಇಷ್ಟು ಹೊಗಳಿದ ಇಬ್ನ್ ಬತೂತಾ ಹೊನ್ನಾವರದಿಂದ ಮಂಗಳೂರಿನವರೆಗೆ ಬಂದಿದ್ದು ಹಡಗಲ್ಲಿ. ದೂರದ ಪ್ರಯಾಣಕ್ಕೆ, ಭಾರದ ಸರಕಿಗೆ ಇಲ್ಲಿ ನಿಜವಾದ ಹೈವೇ ಸಮುದ್ರವೇ ಆಗಿತ್ತು.

ಬ್ರಹ್ಮಾವರದಲ್ಲಿ ಹೈವೇ ಬಿಟ್ಟು ನಾಲ್ಕೈದು ಕಿಲೋಮೀಟರ್ ಒಳಗೆ ಹೋದರೆ ಬಾರಕೂರು. ಆಳುಪರ ರಾಜಧಾನಿ. ವಿಜಯನಗರದ ಕಾಲದಲ್ಲಿ ಒಂದು ಇಡೀ ಪ್ರಾಂತ್ಯಕ್ಕೆ ಬಾರಕೂರು ರಾಜ್ಯ ಅಂತಲೇ ಹೆಸರು. ಈಗ ಕತ್ತಲೆ ಬಸದಿಯ ಕಂಬಗಳ ನಡುವೆ ಹೋಗಿ ನಿಂತರೆ ಹಕ್ಕಿ ಕೂಗೋದು ಬಿಟ್ಟು ಬೇರೆ ಸದ್ದಿಲ್ಲ. ಕುಂದಾಪುರದ ಪಕ್ಕದ ಬಸರೂರಿನದೂ ಅದೇ ಕಥೆ. ಪೋರ್ಚುಗೀಸರು ಅದನ್ನ ಬಾರ್ಸೆಲೋರ್ ಅಂತಿದ್ರು. ಗೋವೆಯ ಅವರ ಸೈನಿಕರ ಅನ್ನಕ್ಕೆ ಅಕ್ಕಿ ಹೋಗ್ತಿದ್ದಿದ್ದು ಈ ಕಡೆಯ ಗದ್ದೆಗಳಿಂದ. 1665ರಲ್ಲಿ ಶಿವಾಜಿ ಸ್ವತಃ ಹಡಗು ಹತ್ತಿ ಬಂದು ಬಸರೂರನ್ನ ಲೂಟಿ ಮಾಡಿದ. ಕೋಟೆಗಳ ಅರಸ ಅಂತ ನಾವು ಓದಿದವನು ಇಷ್ಟು ದೂರ ಸಮುದ್ರ ಹಿಡಿದು ಬಂದ ಅಂದ್ರೆ, ಇಲ್ಲಿ ಎಷ್ಟು ದುಡ್ಡಿತ್ತು ಅಂತ ಯೋಚನೆ ಮಾಡಿ.

ಈ ಎಲ್ಲ ಪೇಟೆಗಳಿಗೆ ಒಂದು ಸಮಾನ ಗುಣ ಇದೆ. ಯಾವುದೂ ತೆರೆದ ಕಡಲಿಗೆ ಮುಖ ಮಾಡಿ ಕೂತಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯಿಂದ ಸ್ವಲ್ಪ ಒಳಗೆ, ಗಾಳಿ ಮತ್ತು ತೆರೆ ತಾಗದ ಜಾಗದಲ್ಲಿ ಹುಟ್ಟಿದವು. ಅಂದರೆ ಈಗ ಯಾವುದನ್ನ ನಾವು ದಾರಿಗೆ ಅಡ್ಡ ಅಂತ ಸೇತುವೆ ಕಟ್ಟಿ ಹಾರಿಕೊಂಡು ಹೋಗ್ತೀವೋ, ಆ ಹೊಳೆಯೇ ಅವತ್ತು ಊರಿನ ಬಾಗಿಲು. ಮಳೆಗಾಲದಲ್ಲಿ ಆ ಬಾಗಿಲು ಮುಚ್ಚುತ್ತಿತ್ತು. ಜೂನ್‌ನಿಂದ ಸಮುದ್ರ ಬಂದ್. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿ ಇಳಿಸೋದು. ಆ ಪೂಜೆ ಈಗಲೂ ಇದೆ. ಟ್ರಾಲರ್‌ಗಳಿಗೆ ಜೂನ್, ಜುಲೈ 61 ದಿನದ ಸರ್ಕಾರಿ ರಜೆಯೂ ಇದೆ.

ಮರವಂತೆಯಲ್ಲಿ ನಿಲ್ಲಿಸಿದ್ವಿ. ನಿಲ್ಲಿಸದೇ ಇರೋಕೆ ಆಗಲ್ಲ. ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಎಲ್ಲರ ಫೋನೂ ಹೊರಗೆ ಬಂತು. ನನ್ನ ತಂಗಿ ಮಾತ್ರ ಫೋಟೋ ತೆಗೆಯದೆ, ಕಡಲ್ಕೊರೆತಕ್ಕೆ ಅಂತ ರಾಶಿ ಹಾಕಿರೋ ಕಪ್ಪು ಬಂಡೆಗಳನ್ನೇ ನೋಡ್ತಾ ನಿಂತಿದ್ಲು. "ಇವನ್ನ ಯಾಕೆ ಹಾಕಿದ್ದಾರೆ?" ಅಂದ್ಲು. ರಸ್ತೆ ಉಳಿಯಲಿ ಅಂತ. ನಾವು ನೋಡಿ ಖುಷಿಪಡುವ ಆ ಇಕ್ಕಟ್ಟಿನ ಪಟ್ಟಿಯನ್ನ ಎರಡೂ ಕಡೆಯಿಂದ ನೀರು ಕೇಳ್ತಾನೇ ಇದೆ.

ರಸ್ತೆಗಳು ಓಡಿದ್ದು ಘಟ್ಟದ ಕಡೆಗೆ

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕರಾವಳಿ ಬ್ರಿಟಿಷರ ಕೈಗೆ ಬಂತು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೊ. ಮುಂದೆ ಮದ್ರಾಸಿನ ಗವರ್ನರ್ ಆದವನು. ಅವನಿಗೆ ಇಲ್ಲಿಯ ಮಳೆ, ಗುಡ್ಡ, ಕೆಸರು ಗದ್ದೆ ಯಾವುದೂ ಒಗ್ಗಲಿಲ್ಲ. ವರ್ಗಾವಣೆ ಕೇಳಿ 1800ರಲ್ಲೇ ಬಳ್ಳಾರಿ, ಅನಂತಪುರದ ಸೀಮೆಗೆ ಹೊರಟುಹೋದ.

ಅವನ ಹಿಂದೆಯೇ ಬಂದವನು ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ. ಹೊಸದಾಗಿ ಸಿಕ್ಕ ಸೀಮೆಯಲ್ಲಿ ಏನಿದೆ ನೋಡಿ ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದ. 1801ರ ಆರಂಭದ ತಿಂಗಳುಗಳಲ್ಲಿ ಇವನು ಮಂಗಳೂರಿನಿಂದ ಉತ್ತರಕ್ಕೆ ಹೊರಟ. ಕುಂದಾಪುರ, ಬೈಂದೂರು, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆ. ನಮ್ಮದೇ ರೂಟ್! ನಾವು ಒಂದೇ ದಿನದಲ್ಲಿ ಮುಗಿಸಿದ್ದಕ್ಕೆ ಅವನಿಗೆ ವಾರಗಳು ಬೇಕಾದವು. ಹೋದಲ್ಲೆಲ್ಲ ಗದ್ದೆಗೆ ಎಷ್ಟು ಬೀಜ, ಆಳಿಗೆ ಎಷ್ಟು ಕೂಲಿ, ಉಪ್ಪು ಹೇಗೆ ಮಾಡ್ತೀರಿ ಅಂತ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು.

ಆಮೇಲೆ ಬ್ರಿಟಿಷರು ರಸ್ತೆ ಮಾಡಲಿಲ್ಲವಾ? ಮಾಡಿದ್ರು. ಆದರೆ ಅವರ ಮುಖ್ಯ ರಸ್ತೆಗಳು ಕರಾವಳಿಯಗುಂಟ ಓಡಲಿಲ್ಲ. ಬಂದರಿನಿಂದ ಘಟ್ಟಕ್ಕೆ ಓಡಿದವು. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ. ಕಾರವಾರ, ಅಂಕೋಲೆ ಕಡೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ. ಕಾರಣ ಹತ್ತಿ. ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ ಬೆಳೆದ ಹತ್ತಿ ಎತ್ತಿನ ಮೇಲೆ, ಗಾಡಿಯಲ್ಲಿ ಘಟ್ಟ ಇಳಿದು ಹಡಗು ಹತ್ತಬೇಕಿತ್ತು. ಹಾಗೆ ಬಂದ ಹತ್ತಿಗೆ ಬೊಂಬಾಯಿಯ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು ಬಿತ್ತು. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಬೇಕಿರಲಿಲ್ಲ, ಬಂದರು ಸಾಕಿತ್ತು.

ಇನ್ನೊಂದು ಸಂಗತಿ. ಕೆನರಾ ಜಿಲ್ಲೆಯನ್ನ 1860ರ ಹೊತ್ತಿಗೆ ಎರಡು ಮಾಡಿದ್ರು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯ್ತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳೀತು. ಬೈಂದೂರು ದಾಟಿ ಭಟ್ಕಳಕ್ಕೆ ಹೋಗುವಾಗ ಶಿರೂರು ಅಂತ ಒಂದು ಊರು ಸಿಗುತ್ತೆ. ಅಲ್ಲಿ ನೀವು ಈಗ ಉಡುಪಿ ಜಿಲ್ಲೆ ಬಿಟ್ಟು ಉತ್ತರ ಕನ್ನಡಕ್ಕೆ ಕಾಲಿಡ್ತೀರಿ. 1956ರ ನವೆಂಬರ್ 1ರ ಏಕೀಕರಣದವರೆಗೆ ಅದು ಎರಡು ಪ್ರಾಂತ್ಯಗಳ, ಆಮೇಲೆ ಎರಡು ರಾಜ್ಯಗಳ ಗಡಿ. ಈ ಕಡೆಯವರ ಸರ್ಕಾರ ಮದ್ರಾಸಿನಲ್ಲಿ, ಆ ಕಡೆಯವರದ್ದು ಬೊಂಬಾಯಿಯಲ್ಲಿ. ಕಾರವಾರದಿಂದ ಆಚೆಗೆ, 1961ರ ಡಿಸೆಂಬರ್‌ವರೆಗೂ, ಪೋರ್ಚುಗಲ್. ಹೀಗಿದ್ದಾಗ ಮಂಗಳೂರಿನಿಂದ ಗೋವಾಕ್ಕೆ ಒಂದು ನೇರ ರಸ್ತೆ ಬೇಕು ಅಂತ ಹಟ ಹಿಡಿಯೋರು ಯಾರು?

ಶಿರೂರು ಅನ್ನೋ ಹೆಸರು ನೆನಪಲ್ಲಿಟ್ಟುಕೊಳ್ಳಿ. ಈ ದಾರಿಯಲ್ಲಿ ಇನ್ನೊಂದು ಶಿರೂರು ಇದೆ. ಅಲ್ಲಿಗೆ ಬರ್ತೀನಿ.

ಶರಾವತಿಯ ಮೇಲೆ

ಹೊನ್ನಾವರದಲ್ಲಿ ಶರಾವತಿ ಎದುರಾದಾಗ ಕಾರಲ್ಲಿ ಮಾತು ನಿಂತಿತು. ಅಷ್ಟು ಅಗಲ. ಪಕ್ಕದಲ್ಲೇ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರ್‌ಗಿಂತ ಉದ್ದ, ಆ ಮಾರ್ಗದಲ್ಲೇ ಎಲ್ಲಕ್ಕಿಂತ ಉದ್ದದ್ದು. ಆ ರೈಲು ಪೂರ್ತಿ ಓಡಿದ್ದು 1998ರ ಜನವರಿಯಲ್ಲಿ. ಅಂದರೆ ನಮ್ಮಲ್ಲಿ ಕೆಲವರು ಹುಟ್ಟಿದ ಮೇಲೆ. ಅದಕ್ಕೂ ಮುಂಚೆ ಮಂಗಳೂರಿನಿಂದ ಮುಂಬೈಗೆ ರೈಲಲ್ಲಿ ಹೋಗೋರು ಊರೆಲ್ಲ ಸುತ್ತಿ ಹೋಗಬೇಕಿತ್ತು.

ಇದೇ ಹೊನ್ನಾವರದಲ್ಲಿ ಇಬ್ನ್ ಬತೂತಾ ಗಂಡುಹುಡುಗರಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನ ಎಣಿಸಿದ್ದ. ಬೇರೆ ಎಲ್ಲೂ ಇಂಥದ್ದು ನೋಡಲಿಲ್ಲ ಅಂತ ಬರೆದ. ಸುಮಾರು 680 ವರ್ಷದ ಹಿಂದೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಇಲ್ಲಿಂದಲೇ ದೋಣಿ ಹತ್ತಿ ಹೊಳೆಯಲ್ಲಿ ಮೇಲಕ್ಕೆ ಗೇರುಸೊಪ್ಪೆಗೆ ಹೋದ. ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನ ಕಾಣೋಕೆ. ಈ ಹೊಳೆಯ ಚಂದಕ್ಕೆ ಅವನು ಮನಸೋತ. ಆದರೆ ಗೇರುಸೊಪ್ಪೆ ಮುಟ್ಟಿದಾಗ ಕಂಡಿದ್ದು ಕಾಡು ಬೆಳೆದ ಊರು. ಅದಕ್ಕೆ ಸ್ವಲ್ಪ ವರ್ಷ ಮೊದಲು ಅಲ್ಲಿ ಆಳಿದವಳು ಚೆನ್ನಭೈರಾದೇವಿ. ಐವತ್ತಕ್ಕೂ ಹೆಚ್ಚು ವರ್ಷ ಆಳಿದ ಜೈನ ರಾಣಿ. ಘಟ್ಟದ ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತಿದ್ರು. ಕುಮಟೆ ದಾಟಿ ಅಘನಾಶಿನಿಯ ಬಳಿ ಮಿರ್ಜಾನ್ ಕೋಟೆಗೆ ಹೋದರೆ ಈಗಲೂ ಜನ ಅವಳ ಹೆಸರನ್ನೇ ಹೇಳ್ತಾರೆ. ಪಾಚಿ ಹಿಡಿದ ಜಂಬಿಟ್ಟಿಗೆ ಗೋಡೆ, ಒಳಗೆ ದೊಡ್ಡ ಬಾವಿಗಳು. ಕೋಟೆ ಯಾಕೆ ಅಲ್ಲಿದೆ ಅಂತ ಕೇಳಿಕೊಂಡರೆ ಮತ್ತೆ ಅದೇ ಉತ್ತರ. ಅದು ಹೊಳೆ ಕಾಯುವ ಕೋಟೆ. ಘಟ್ಟದ ಮೆಣಸು ಸಮುದ್ರಕ್ಕೆ ಇಳಿದಿದ್ದು ಆ ಹೊಳೆಯಲ್ಲಿ.

ತಾರಿಯವನ ಮಾತು

ಮಧ್ಯಾಹ್ನ ಅಂಕೋಲೆಯ ಗೆಳೆಯನ ಮನೆ. ಅವನ ಅಜ್ಜಿಗೆ ಎಂಬತ್ತು ದಾಟಿದೆ. ನನ್ನ ಮೈಕ್ ನೋಡಿ, "ಇದ್ರಲ್ಲಿ ಹಾಡೂ ಬತ್ತದಾ?" ಅಂದ್ರು. ನಾನು ಹೊಳೆ ದಾಟೋ ಕಥೆ ಕೇಳಿದೆ.

ಅಜ್ಜಿಯ ತವರು ಗೋಕರ್ಣದ ಕಡೆ, ಗಂಗಾವಳಿ ಹೊಳೆಯ ಆಚೆ. 1950ರ ದಶಕದ ಕೊನೆಗೆ ಮದುವೆ. ಮದುವೆ ಗಂಡಿನ ಮನೆಯಲ್ಲಿ, ಹೊಳೆಯ ಈಚೆ. ಮಂಜಗುಣಿಯಲ್ಲಿ ತಾರಿ ದಾಟಬೇಕು. ತಾರಿ ಅಂದರೆ ಜನರನ್ನ ದಾಟಿಸುವ ದೋಣಿ. ಉಡುಪಿ, ಕುಂದಾಪುರದ ಕಡೆ ಇದನ್ನೇ ಕಡವು ಅಂತಾರೆ.

"ತಮಾ, ದಿಬ್ಬಣ ಹೊರಟದ್ದು ಬೆಳಗಿಗೆ. ಹೊಳೆ ಬದಿಗೆ ಬಂದಾಗ ನೀರು ಜೋರು ಇಳೀತಾ ಇತ್ತು. ತಾರಿಯವ ದೋಣಿ ಬಿಡೂದಿಲ್ಲ ಅಂದ. ಮುಹೂರ್ತ ತಪ್ಪಿ ಹೋಗ್ತದೆ ಅಂತ ನಮ್ಮ ದೊಡ್ಡಪ್ಪ ಕೂಗಾಡಿದ್ರು. ಅವ ಬೀಡಿ ಕಚ್ಚಿಕೊಂಡು ಹೇಳ್ದ, ಮುಹೂರ್ತ ನಿಮ್ದು ಒಡೆಯಾ, ಹೊಳೆ ನಂದು."

ನಾವೆಲ್ಲ ನಕ್ಕಿದ್ದು ರೆಕಾರ್ಡಿಂಗ್‌ನಲ್ಲಿ ಕೇಳಿಸುತ್ತೆ. ಕೊನೆಗೆ ನೀರು ತಣ್ಣಗಾದ ಮೇಲೆ ಮೂರು ಸಲಕ್ಕೆ ದಿಬ್ಬಣ ದಾಟಿತಂತೆ. ಮುಹೂರ್ತವನ್ನ ಭಟ್ಟರು ಮುಂದಕ್ಕೆ ಹಾಕಿದರಂತೆ. ಹೊಳೆ ದಾಟಿ ಬರೋ ದಿಬ್ಬಣ ಅಂದ್ರೆ ಭಟ್ಟರು ಮೊದಲೇ ಎರಡು ಮುಹೂರ್ತ ನೋಡಿಟ್ಟಿರ್ತಿದ್ರು ಅಂತ ಅಜ್ಜಿ ಹೇಳಿದ್ರು.

ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನ್ನ ಜೊತೆ ಉಳಿದುಬಿಡ್ತು. ದಾಟಿದವರು ಆಚೆ ದಡ ಮುಟ್ಟಿದ ಮೇಲೆ ಜೋರಾಗಿ ಒಂದು ಕೂ ಹಾಕಬೇಕಿತ್ತು. ಈಚೆ ದಡದಲ್ಲಿ ಮನೆಯವರು ಆ ಕೂ ಕೇಳುವವರೆಗೆ ನಿಂತಿರ್ತಿದ್ರು. ಸಂಜೆ ಆದರೆ ದೋಣಿ ಕಾಣೋದಿಲ್ಲ, ಕೂ ಒಂದೇ ಗುರುತು. "ಕೂ ಕೇಳ್ದ ಮೇಲೆ ಮನೆಗೆ ಹೋಗಿ ಒಲೆ ಹಚ್ಚೂದು," ಅಂದ್ರು ಅಜ್ಜಿ.

ಅಂಕೋಲೆಗೆ ಬಂದು ಉಪ್ಪಿನ ಕಥೆ ಹೇಳದೆ ಹೋಗೋಕಾಗಲ್ಲ. 1930ರ ಏಪ್ರಿಲ್‌ನಲ್ಲಿ, ಗಾಂಧಿ ದಂಡಿಯಲ್ಲಿ ಉಪ್ಪು ಎತ್ತಿದ ಕೆಲವೇ ದಿನಗಳಲ್ಲಿ, ಎಂ. ಪಿ. ನಾಡಕರ್ಣಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಕರ್ನಾಟಕದ ಬಾರ್ಡೋಲಿ ಅಂತ ಅಂಕೋಲೆಗೆ ಹೆಸರಿದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಈಗಲೂ ಉಪ್ಪು ಬೆಳೀತಾರೆ. ಅಜ್ಜಿಯ ಅಪ್ಪ ಆ ದಿನಗಳ ಮೆರವಣಿಗೆ ನೋಡಿದ್ದರಂತೆ. ಎಲ್ಲೆಲ್ಲಿಂದಲೋ ಜನ ಬಂದಿದ್ರಂತೆ. ಹೇಗೆ ಬಂದ್ರು ಅಂದರೆ, ನಡೆದು, ತಾರಿ ದಾಟಿ.

ಇನ್ನೊಂದು ಶಿರೂರು

ಈಗ ಆ ಇನ್ನೊಂದು ಶಿರೂರು. ಅಂಕೋಲೆ ತಾಲೂಕಿನದ್ದು. ಅಂಕೋಲೆಗೆ ಬರುವ ಮೊದಲೇ ನಾವು ಅದನ್ನ ದಾಟಿದ್ವಿ. ಹೇಳೋದನ್ನ ಮಾತ್ರ ಕೊನೆಗೆ ಇಟ್ಟುಕೊಂಡೆ.

ಅಲ್ಲಿ ರಸ್ತೆಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ. 2024ರ ಜುಲೈ 16ರ ಬೆಳಗ್ಗೆ, ದಿನಗಟ್ಟಲೆ ಸುರಿದ ಮಳೆಯ ನಂತರ, ಆ ಗುಡ್ಡ ಹೈವೇ ಮೇಲೆ ಕುಸಿಯಿತು. ರಸ್ತೆ ಬದಿಯ ಚಹಾದ ಅಂಗಡಿ, ಅದನ್ನ ನಡೆಸ್ತಿದ್ದ ಕುಟುಂಬ, ಚಹಾಕ್ಕೆ ಅಂತ ನಿಲ್ಲಿಸಿದ್ದ ವಾಹನಗಳು ಮಣ್ಣಿನ ಜೊತೆ ಹೊಳೆಗೆ ಹೋದವು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಕೇರಳದ ಒಬ್ಬ ಲಾರಿ ಚಾಲಕನನ್ನ ಹುಡುಕಿದ್ದು ನಿಮಗೆ ನೆನಪಿರಬಹುದು. ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ, ಸೆಪ್ಟೆಂಬರ್ ಕೊನೆಗೆ ಹೊಳೆಯ ತಳದಿಂದ ಲಾರಿ ಮೇಲೆ ಬಂತು. ರಸ್ತೆ ಅಗಲ ಮಾಡೋಕೆ ಗುಡ್ಡದ ಕಾಲನ್ನ ನೆಟ್ಟಗೆ ಕೊಯ್ದಿದ್ದು ಸರಿಯಾ ಅನ್ನೋ ಪ್ರಶ್ನೆ ಆಮೇಲೆ ಎಲ್ಲ ಕಡೆ ಎದ್ದಿತು.

ನಾವು ಅಲ್ಲಿ ನಿಂತಾಗ ಗುಡ್ಡ ಇನ್ನೂ ಕೆಂಪಗೆ ಸೀಳಿಕೊಂಡಿತ್ತು. ನಾನು ಅಭ್ಯಾಸ ಬಲದಿಂದ ಮೈಕ್ ತೆಗೆದೆ. ಗಾಳಿಯ ಸದ್ದು, ಹೊಳೆಯ ಸದ್ದು ಹಿಡಿಯೋಣ ಅಂತ. ಅಂಕೋಲೆಯ ಗೆಳೆಯ ಹೇಳಿದ, "ಇಲ್ಲಿ ಬೇಡ ಮಾರಾಯ." ನಾನು ಆಫ್ ಮಾಡಿದೆ. ಅದಕ್ಕೇ ಈ ಭಾಗದಲ್ಲಿ ನಿಮಗೆ ಹಿನ್ನೆಲೆ ಸದ್ದು ಏನೂ ಕೇಳಿಸ್ತಿಲ್ಲ.

ಅವನ ಅಪ್ಪ ಲಾರಿ ಡ್ರೈವರ್. ಮಂಗಳೂರು, ಗೋವಾ ನಡುವೆ ಓಡಿಸ್ತಾರೆ. ಆ ಚಹಾದ ಅಂಗಡಿ ಅವರು ಯಾವಾಗಲೂ ನಿಲ್ಲಿಸುವ ಜಾಗ. ಆ ದಿನ ಬೆಳಗ್ಗೆ ಸುದ್ದಿ ಬಂದಾಗ ಅಪ್ಪನ ಫೋನ್ ಸ್ವಿಚ್ ಆಫ್. ಮೂರು ತಾಸು. ಇವನು ಆಗ ಬೆಂಗಳೂರಲ್ಲಿ, ಆಫೀಸಿನ ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ನಂಬರ್ ಒತ್ತುತ್ತಾ ಇದ್ದ. ಅಪ್ಪ ಹಿಂದಿನ ರಾತ್ರಿ ಮಳೆಗೆ ಹೆದರಿ ಕುಮಟೆಯಲ್ಲೇ ಲಾರಿ ನಿಲ್ಲಿಸಿ ಮಲಗಿದ್ರು. ಚಾರ್ಜ್ ಖಾಲಿಯಾಗಿತ್ತು. ಅಷ್ಟೇ. ಆದರೆ ಅವರಿಗೆ ದಿನಾ ಚಹಾ ಕೊಡ್ತಿದ್ದ ಮನೆಯವರು ಉಳೀಲಿಲ್ಲ. ಅದಾದ ಮೇಲೆ ಅಪ್ಪ ಈ ದಾರಿಯಲ್ಲಿ ಎಲ್ಲೂ ಚಹಾಕ್ಕೆ ನಿಲ್ಲಿಸಲ್ಲ, ಫ್ಲಾಸ್ಕ್ ಇಟ್ಟುಕೊಂಡು ಹೋಗ್ತಾರೆ ಅಂದ.

ಮೂರು ವಾರದ ನಂತರ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಸುಮಾರು ನಾಲ್ಕು ದಶಕದ ಸೇತುವೆ. ಅದರ ಮೇಲಿದ್ದ ಒಂದು ಲಾರಿ ನೀರಿಗೆ ಹೋಯ್ತು. ಚಾಲಕನನ್ನ ಜೀವಂತ ಮೇಲೆತ್ತಿದರು. ಆ ರಾತ್ರಿಯೂ ನಮ್ಮ ಗೆಳೆಯ ಅಪ್ಪನಿಗೆ ಫೋನ್ ಮಾಡಿದ್ದ. ಆ ಸಲ ಮೊದಲ ರಿಂಗಿಗೇ ಎತ್ತಿದ್ರಂತೆ.

ಕಾಳಿ ದಂಡೆಯಲ್ಲಿ

ಕಾರವಾರ ಮುಟ್ಟಿದಾಗ ಸಂಜೆ. ಅರ್ಗಾ, ಬಿಣಗಾ ಕಡೆಯಿಂದ ಬರುವಾಗ ನೌಕಾನೆಲೆಯ ಉದ್ದನೆಯ ಗೋಡೆ. ಐಎನ್‌ಎಸ್ ಕದಂಬ, 2005ರಲ್ಲಿ ಶುರುವಾಗಿದ್ದು. ಆ ಗೋಡೆಯಾಚೆ ಇದ್ದ ಊರುಗಳ ಸಾವಿರಾರು ಮನೆಗಳವರು ಜಾಗ ಬಿಟ್ಟು ಎದ್ದರು. ಅವರ ಕಥೆಗೆ ಒಂದು ಪ್ರತ್ಯೇಕ ಸಂಚಿಕೆ ಬೇಕು, ಮಾಡ್ತೀನಿ.

1880ರ ದಶಕದ ಆರಂಭದಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಇಲ್ಲಿ ಬಂದು ಉಳಿದಿದ್ದ. ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶ. ತಮ್ಮ ರವೀಂದ್ರನಾಥ ಟಾಗೋರ್. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯಗುಂಟ ಹೋಗಿಬಂದಿದ್ದನ್ನ ಅವರು ಎಷ್ಟೋ ವರ್ಷಗಳ ನಂತರವೂ ನೆನೆದು ಬರೆದರು. ಪ್ರಕೃತಿಯ ಪ್ರತಿಶೋಧ ಅನ್ನೋ ಅರ್ಥದ ಹೆಸರಿನ ನಾಟಕ ಬರೆದಿದ್ದೂ ಇಲ್ಲೇ. ಈಗ ಕಡಲ ದಂಡೆಗೆ ಅವರದ್ದೇ ಹೆಸರು.

ನಾವು ಸದಾಶಿವಗಡದ ಕಡೆ ನೋಡ್ತಾ, ನಿಂತಿರುವ ಸೇತುವೆಯ ಹತ್ತಿರ ಸ್ವಲ್ಪ ಹೊತ್ತು ಇದ್ವಿ. ಬೆಟ್ಟಿನ ಲೆಕ್ಕ ಜಗಳದಲ್ಲಿ ಮುಗೀತು. ಕುಂದಾಪುರದ ಬಳಿ ಐದು ಹೊಳೆ ಸೇರುವ ಕಡೆ ಒಂದು ಅಂತ ಎಣಿಸಬೇಕಾ, ಐದು ಅಂತ ಎಣಿಸಬೇಕಾ? ಒಮ್ಮತ ಬರಲಿಲ್ಲ. ಹೇಗೆ ಎಣಿಸಿದರೂ ಎಂಟು ಆಗಲ್ಲ. ಊಟದ ಬಿಲ್ ನನ್ನದೇ.

ಊಟದ ಮಧ್ಯೆ ಅಂಕೋಲೆಯವನ ಫೋನ್ ಒಮ್ಮೆ ಟಣ್ ಅಂತು. ನೋಡಿ, ಉಲ್ಟಾ ಇಟ್ಟ. "ಅಪ್ಪಂದು," ಅಂದ. ಅವರು ಈಗ ಶಿರೂರು ದಾಟಿದಾಗ ಪ್ರತಿ ಸಲ ಮಗನಿಗೆ ಒಂದೇ ಪದ ಕಳಿಸ್ತಾರೆ. ದಾಟಿದೆ. ಕಾಳಿ ಸೇತುವೆ ದಾಟಿದ ಮೇಲೆ ಇನ್ನೊಂದು ಸಲ. ವಾರಕ್ಕೆ ಎರಡು ಟ್ರಿಪ್. ಆ ಚಾಟ್‌ನಲ್ಲಿ ತಿಂಗಳುಗಟ್ಟಲೆಯಿಂದ ಬೇರೆ ಮಾತೇ ಇಲ್ಲ, ಬರೀ ದಾಟಿದೆ, ದಾಟಿದೆ, ದಾಟಿದೆ. ನನಗೆ ಅಜ್ಜಿ ಹೇಳಿದ ಕೂ ನೆನಪಾಯ್ತು.

ಇಬ್ನ್ ಬತೂತಾ ಹೊಗಳಿದ್ದು ದಾರಿಯ ಅಗಲವನ್ನಲ್ಲ, ವೇಗವನ್ನಂತೂ ಅಲ್ಲವೇ ಅಲ್ಲ. ಅವನ ನೆನಪಲ್ಲಿ ಉಳಿದಿದ್ದು ನೆರಳು, ಬಾವಿ, ಆ ಬಾವಿಗೆ ಅಂತಲೇ ನೇಮಿಸಿದ ಆಳು. ಸೇತುವೆ ಬೇಡ ಅಂತ ನಾನು ಹೇಳ್ತಿಲ್ಲ. ಮುಹೂರ್ತ ತಪ್ಪಿದ್ದು ನಗೋ ಕಥೆ. ಆದರೆ ಹೊಳೆ ಬದಿಯಲ್ಲೇ ಕಾದು ಕಾದು ಜೀವ ಬಿಟ್ಟ ಬಾಣಂತಿಯರ ಕಥೆಗಳೂ ಅಜ್ಜಿಗೆ ಗೊತ್ತು. ಅದಕ್ಕೇ ಸೇತುವೆ ಬಂದಾಗ ಊರೆಲ್ಲ ಹಬ್ಬ ಮಾಡಿತ್ತಂತೆ. ನಾನು ಕೇಳೋದು ಇಷ್ಟೇ. ಸೇತುವೆ ಕಟ್ಟಿದ ಮೇಲೆ, ಗುಡ್ಡ ಕಡಿದ ಮೇಲೆ, ಅದನ್ನ ನೋಡಿಕೊಳ್ಳೋ ಆಳು ಯಾರು? ಪ್ರತಿ ಮಳೆಗಾಲಕ್ಕೆ ಮುಂಚೆ ಈ ಪ್ರಶ್ನೆಯನ್ನ ಒಬ್ಬರಾದರೂ ಕೇಳಬೇಕು. ಟೋಲ್ ನಾವೇ ಕಟ್ತೀವಲ್ಲ.

ಈ ರಜೆಯಲ್ಲಿ ನೀವೂ ಆ ಕಡೆ ಹೋಗ್ತಿದ್ದರೆ ಮರವಂತೆಯಲ್ಲಿ ಫೋಟೋ ತೆಗೀರಿ, ಬಾರಕೂರಿಗೆ ಒಂದರ್ಧ ತಾಸು ಕೊಡಿ, ಮಿರ್ಜಾನ್ ಕೋಟೆಯ ಬಾವಿಗಳಲ್ಲಿ ಇಣುಕಿ ನೋಡಿ. ಮಳೆಗಾಲ ಆದರೆ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಬೇಡಿ. ಹೋಗಿ ಮುಟ್ಟಿದ ಮೇಲೆ ಮನೆಗೆ ಒಂದು ಮೆಸೇಜ್ ಹಾಕಿ. ಯಾರೋ ಒಬ್ಬರು ಆಚೆ ದಡದಲ್ಲಿ ನಿಂತಿರ್ತಾರೆ.

ನಿಮ್ಮ ಮನೆಯ ಹಿರಿಯರ ಹತ್ತಿರ ತಾರಿ, ಕಡವಿನ ಕಥೆಗಳಿದ್ದರೆ ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ನಮಗೆ ಕಳಿಸಿದರೆ ಇನ್ನೂ ಸಂತೋಷ. ಮುಂದಿನ ವಾರ ಮತ್ತೆ ಸಿಗೋಣ.